ಗಾಳಿಗೆದುರಾಗಿ ಹೊರಟವರು

ಟೆಯೊಮಾದಲ್ಲಿ ನೋಡುವಂಥದ್ದು ಏನೂ ಇಲ್ಲ. ಹುಲ್ಲು, ಮುಳ್ಳುತಂತಿಯ ಬೇಲಿ, ಅಲ್ಲಲ್ಲಿ ತೆಂಗು, ನೆರಳಿನಲ್ಲಿ ಮಲಗಿ ಮೆಲುಕು ಹಾಕುವ ದನ. ವನುವಾಟು ದೇಶದ ಎಫಾಟೆ ದ್ವೀಪದ ದಕ್ಷಿಣ ಅಂಚಿನಲ್ಲಿ, ರಾಜಧಾನಿ ಪೋರ್ಟ್ ವಿಲಾದಿಂದ ಹೆಚ್ಚು ದೂರವಿಲ್ಲದ ಆ ಜಾಗದಲ್ಲಿ ಟ್ಯಾಕ್ಸಿಯವನು ಗಾಡಿ ನಿಲ್ಲಿಸಿ, ಕಿಟಕಿಯಿಂದಲೇ ಕೈ ಚಾಚಿ "ಇದೇ" ಎಂದ. ಜೊತೆಯಲ್ಲಿದ್ದ ಅಣ್ಣನ ಮಗಳು ನನ್ನ ಮುಖ ನೋಡಿದಳು.

"ಚಿಕ್ಕಪ್ಪ, ಇದಕ್ಕಾ ನನ್ನ ಬ್ರಿಸ್ಬೇನಿಂದ ಎಳ್ಕೊಂಡು ಬಂದಿದ್ದು?"

ಅವಳು ಅಲ್ಲಿ ನರ್ಸ್. ಹವಳದ ದಂಡೆ, ಬಿಳಿ ಮರಳು ಎಂಬ ಆಸೆಗೆ ರಜೆ ಹಾಕಿ ಬಂದವಳಿಗೆ ಮೊದಲು ತೋರಿಸಿದ್ದೇ ದನದ ಹುಲ್ಲುಗಾವಲು. ಇದು ಸ್ಮಶಾನ, ಮೂರು ಸಾವಿರ ವರ್ಷ ಹಳೆಯದು ಎಂದೆ. "ಹಾಗಾದ್ರೆ ಸರಿ" ಎಂದು ಗಾಡಿಯಿಂದ ಇಳಿದಳು. ಆಸ್ಪತ್ರೆಯಲ್ಲಿ ಕೆಲಸ ಮಾಡುವವರಿಗೆ ಮೂಳೆಯ ವಿಷಯ ಬಂದರೆ ಒಂದು ಕುತೂಹಲ ಇದ್ದೇ ಇರುತ್ತದೆ.

2003ರ ಕೊನೆಯಲ್ಲಿ ಇಲ್ಲಿ ಸೀಗಡಿ ಸಾಕುವ ಕೊಳಗಳಿಗೆಂದು ಬುಲ್‌ಡೋಜರ್ ಮಣ್ಣು ಎತ್ತುತ್ತಿತ್ತು. ಮಣ್ಣಿನ ಜೊತೆ ಎದ್ದು ಬಂದ ಮಡಕೆಯ ಚೂರೊಂದು ಚಾಲಕನ ಕಣ್ಣಿಗೆ ಬಿತ್ತು. ಅವನು ಅದನ್ನು ಎಸೆಯದೆ ಎತ್ತಿಟ್ಟುಕೊಂಡ. ಪೆಸಿಫಿಕ್ ಪುರಾತತ್ತ್ವದ ದೊಡ್ಡ ತಿರುವೊಂದು ನಿಂತಿರುವುದು ಆ ಮನುಷ್ಯ ಗಾಡಿಯಿಂದ ಕೆಳಗಿಳಿದು ಬಗ್ಗಿದ ಕ್ಷಣದ ಮೇಲೆ. ಚೂರು ಕೈಯಿಂದ ಕೈಗೆ ದಾಟಿ ವನುವಾಟು ಸಾಂಸ್ಕೃತಿಕ ಕೇಂದ್ರಕ್ಕೆ ಹೋಯಿತು. ಮರುವರ್ಷ ಆ ಕೇಂದ್ರದವರೊಡನೆ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯ ಮ್ಯಾಥ್ಯೂ ಸ್ಪ್ರಿಗ್ಸ್, ಸ್ಟುವರ್ಟ್ ಬೆಡ್‌ಫೋರ್ಡ್ ಸೇರಿ ಅಗೆಯಲು ಶುರುಮಾಡಿದರು. ಕೆಲವೇ ವರ್ಷಗಳಲ್ಲಿ 60ಕ್ಕೂ ಹೆಚ್ಚು ಸಮಾಧಿಗಳು ಸಿಕ್ಕವು. ಆ ಸಮಾಧಿಗಳ ಕಾಲದಲ್ಲಿ ಈ ಜಾಗ ಕಡಲ ದಂಡೆಯಲ್ಲೇ ಇತ್ತು. ಅಲ್ಲಿಂದೀಚೆಗೆ ಭೂಮಿ ಮೇಲೆದ್ದು ನೀರು ಮುಕ್ಕಾಲು ಕಿಲೋಮೀಟರಿನಷ್ಟು ಹಿಂದೆ ಸರಿದಿದೆ. ಅಗೆದದ್ದನ್ನೆಲ್ಲ ಮತ್ತೆ ಮುಚ್ಚಿ ಹುಲ್ಲಿಗೆ ಬಿಟ್ಟಿದ್ದಾರೆ.

ಸಮಾಧಿಗಳಲ್ಲಿ ಮಲಗಿದ್ದವರಿಗೆ ತಲೆ ಇರಲಿಲ್ಲ. ಯುದ್ಧದಲ್ಲಿ ಕಡಿದದ್ದಲ್ಲ. ಹೂಳಿದ ಮೇಲೆ, ಮಾಂಸ ಕರಗುವವರೆಗೆ ಕಾದು, ಮತ್ತೆ ಅಗೆದು ತಲೆಬುರುಡೆಯನ್ನು ತೆಗೆದಿದ್ದರು. ಕೆಲವು ಕಡೆ ತಲೆಯಿದ್ದ ಜಾಗದಲ್ಲಿ ಶಂಖದ ಚಿಪ್ಪಿನಿಂದ ಮಾಡಿದ ಬಳೆಗಳನ್ನು ಇಟ್ಟಿದ್ದರು. ಒಂದು ಬುರುಡೆ ಮಡಕೆಯೊಳಗಿತ್ತು, ಮೇಲೆ ಚಪ್ಪಟೆ ತಟ್ಟೆ ಮುಚ್ಚಿತ್ತು. ಒಬ್ಬ ಮುದುಕನ ಎದೆಯ ಮೇಲೆ ಬೇರೆಯವರ ಮೂರು ಬುರುಡೆಗಳನ್ನು ಸಾಲಾಗಿ ಜೋಡಿಸಿದ್ದರು. ಹಲ್ಲಿನಲ್ಲಿ ಉಳಿದ ರಾಸಾಯನಿಕ ಗುರುತುಗಳನ್ನು ಪರೀಕ್ಷಿಸಿದಾಗ, ಈತ ಹುಟ್ಟಿ ಬೆಳೆದದ್ದು ಎಫಾಟೆಯಲ್ಲಿ ಅಲ್ಲ, ದೋಣಿಯಲ್ಲಿ ಬಂದವರಲ್ಲಿ ಈತನೂ ಒಬ್ಬ ಎಂದು ಗೊತ್ತಾಯಿತು. ಹೊಸ ನೆಲಕ್ಕೆ ಕಾಲಿಟ್ಟವರು ಮೊದಲ ತಲೆಮಾರಿನಲ್ಲೇ ಇಷ್ಟು ವಿಸ್ತಾರದ ಉತ್ತರಕ್ರಿಯೆ ನಡೆಸುತ್ತಿದ್ದರು ಎಂದರೆ, ಅವರು ದಿಕ್ಕೆಟ್ಟು ಬಂದು ಬಿದ್ದವರಾಗಿರಲಾರರು. ಶಾಸ್ತ್ರ, ಸಂಪ್ರದಾಯ, ಅದನ್ನು ಬಲ್ಲ ಹಿರಿಯರು, ಎಲ್ಲವೂ ದೋಣಿಯಲ್ಲೇ ಬಂದಿದ್ದವು.

ಮಡಕೆಗಳನ್ನು ನೋಡಬೇಕಾದರೆ ಪೋರ್ಟ್ ವಿಲಾದಲ್ಲಿ ಸಂಸತ್ ಭವನದ ಎದುರಿಗಿರುವ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ಗಾಜಿಗೆ ಮೂಗು ತಾಗಿಸಿ ನೋಡುವಂಥ ಕೆಲಸ. ಸಣ್ಣ ಬಾಚಣಿಗೆಯಂಥ ಹಲ್ಲಚ್ಚನ್ನು ಹಸಿ ಮಣ್ಣಿನ ಮೇಲೆ ಒತ್ತಿ ಒತ್ತಿ ಚುಕ್ಕಿಯ ಗೆರೆ ಮೂಡಿಸಿದ್ದಾರೆ. ಆ ಗೆರೆಗಳು ಸುತ್ತಿಕೊಂಡು, ಬಳುಕಿಕೊಂಡು ಎಲ್ಲೋ ಒಂದು ಕಡೆ ಎರಡು ಕಣ್ಣು, ಉದ್ದ ಮೂಗು ಆಗುತ್ತವೆ. ಒಮ್ಮೆ ಮುಖ ಕಂಡಮೇಲೆ ಅದು ಮತ್ತೆ ಬರಿ ವಿನ್ಯಾಸವಾಗಿ ಕಾಣುವುದೇ ಇಲ್ಲ. ಕೆಲವು ಮಡಕೆಗಳಲ್ಲಿ ಚುಕ್ಕಿಗಳಿಗೆ ಸುಣ್ಣ ತುಂಬುತ್ತಿದ್ದರು, ಕೆಂಪು ಮೈಮೇಲೆ ಬಿಳಿ ಗೆರೆ ಎದ್ದು ಕಾಣಲಿ ಎಂದು. ಟೆಯೊಮಾದ ಒಂದು ಮಡಕೆಯ ಅಂಚಿನ ಮೇಲೆ ಮಣ್ಣಿನ ಹಕ್ಕಿಗಳು ಕುಳಿತಿವೆ, ಒಳಗೆ ಏನಿದೆಯೆಂದು ಇಣುಕುವಂತೆ. ಅಣ್ಣನ ಮಗಳು ಆ ಹಕ್ಕಿಗಳ ಮುಂದೆ ಬಹಳ ಹೊತ್ತು ನಿಂತಳು. ಹುಲ್ಲುಗಾವಲಿನ ಸಿಟ್ಟು ಅಲ್ಲಿಗೆ ಇಳಿಯಿತು.

ಈ ಬಗೆಯ ಮಡಕೆ ಮಾಡಿದವರನ್ನು ಲಪಿಟಾ ಜನ ಎನ್ನುತ್ತಾರೆ. ಅವರು ತಮ್ಮನ್ನು ಏನೆಂದುಕೊಂಡಿದ್ದರೋ. 1952ರಲ್ಲಿ ನ್ಯೂ ಕ್ಯಾಲಿಡೋನಿಯಾದ ಒಂದು ದಂಡೆಯಲ್ಲಿ ಅಗೆದಾಗ ಆ ಜಾಗದ ಹೆಸರೇ ಅವರಿಗೆ ಅಂಟಿಕೊಂಡಿತು. ಮೊದಲ ಚೂರುಗಳು ಸಿಕ್ಕಿದ್ದು ಅದಕ್ಕೂ ಹಿಂದೆ, 1909ರಲ್ಲಿ, ನ್ಯೂಗಿನಿಯ ಹತ್ತಿರದ ವಾಟೊಮ್ ದ್ವೀಪದಲ್ಲಿ, ಆಟೊ ಮೇಯರ್ ಎಂಬ ಪಾದ್ರಿಗೆ. ಆಮೇಲೆ ಅದೇ ಹಲ್ಲಚ್ಚು, ಅದೇ ಮುಖ, ಸಾಲೊಮನ್, ವನುವಾಟು, ನ್ಯೂ ಕ್ಯಾಲಿಡೋನಿಯಾ, ಫಿಜಿ, ಟೋಂಗಾ, ಸಮೋವಾ ಎಂದು ಸಾವಿರಾರು ಕಿಲೋಮೀಟರ್ ಉದ್ದಕ್ಕೂ ಸಿಗುತ್ತಾ ಹೋಯಿತು. ಸುಮಾರು 3,300 ವರ್ಷಗಳ ಹಿಂದೆ ಬಿಸ್ಮಾರ್ಕ್ ದ್ವೀಪಸ್ತೋಮದಲ್ಲಿ ಶುರುವಾದದ್ದು 2,800 ವರ್ಷಗಳ ಹಿಂದಿನ ಹೊತ್ತಿಗೆ ಟೋಂಗಾ ಮುಟ್ಟಿತ್ತು. ಬೇರು ಇನ್ನೂ ಹಿಂದಕ್ಕೆ, ಫಿಲಿಪೀನ್ಸ್ ದಾಟಿ ತೈವಾನಿನವರೆಗೆ ಹೋಗುತ್ತದೆ.

ಇಲ್ಲಿ ನಕ್ಷೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ನ್ಯೂಗಿನಿ, ಬಿಸ್ಮಾರ್ಕ್, ಸಾಲೊಮನ್ ಕಡೆ ಮನುಷ್ಯರು ಹಿಮಯುಗದಿಂದಲೂ ಇದ್ದರು. ಬಿಸ್ಮಾರ್ಕಿನಲ್ಲಿ ಸುಮಾರು 40,000 ವರ್ಷ, ಬುಕಾ ದ್ವೀಪದ ಕಿಲು ಗುಹೆಯಲ್ಲಿ 28,000 ವರ್ಷ ಹಿಂದಿನ ಗುರುತುಗಳಿವೆ. ಅಲ್ಲಿ ಬಹುಮಟ್ಟಿಗೆ ಒಂದು ದ್ವೀಪದಲ್ಲಿ ನಿಂತರೆ ಮುಂದಿನದು ಕಾಣುತ್ತದೆ. ಕಂಡದ್ದರ ಕಡೆಗೆ ತೆಪ್ಪವೋ ದೋಣಿಯೋ ಹೊಡೆದರಾಯಿತು. ಸಾಲೊಮನ್ ಸಾಲಿನ ಕೊನೆಗೆ ಬಂದಾಗ ಈ ಅನುಕೂಲ ನಿಲ್ಲುತ್ತದೆ. ಅಲ್ಲಿಂದಾಚೆ ಸಾಂಟಾ ಕ್ರೂಜ್ ದ್ವೀಪಗಳವರೆಗೆ 350 ಕಿಲೋಮೀಟರಿಗೂ ಹೆಚ್ಚು ಬರಿ ನೀರು. ಆ ಅಂಚಿನ ಹತ್ತಿರ ಹತ್ತಿಪ್ಪತ್ತು ಸಾವಿರ ವರ್ಷ ಜನ ಬಾಳಿದರು, ಮುಂದಕ್ಕೆ ಹೋಗಲಿಲ್ಲ. ಆಮೇಲೆ ಲಪಿಟಾ ಜನ ಬಂದು ಕೆಲವೇ ತಲೆಮಾರುಗಳಲ್ಲಿ ಅದನ್ನು ದಾಟಿ, ವನುವಾಟು ಹಿಡಿದು, ಅಲ್ಲಿಂದ 850 ಕಿಲೋಮೀಟರ್ ದೂರದ ಫಿಜಿಗೂ ಹೋದರು.

ಹೋದದ್ದು ಎಂಥ ಗಾಳಿಯಲ್ಲಿ? ಪೋರ್ಟ್ ವಿಲಾದ ದಂಡೆಯಲ್ಲಿ ಸಂಜೆ ಕುಳಿತರೆ ಅದು ಕೆನ್ನೆಗೆ ತಿಳಿಯುತ್ತದೆ. ವರ್ಷದ ಹೆಚ್ಚಿನ ಕಾಲ ಆಗ್ನೇಯದಿಂದ ಬೀಸುವ ವಾಣಿಜ್ಯ ಮಾರುತ ತೆಂಗಿನ ಗರಿಗಳನ್ನೆಲ್ಲ ಒಂದೇ ದಿಕ್ಕಿಗೆ ಬಾಚುತ್ತಿರುತ್ತದೆ. ನಮ್ಮ ಉತ್ತರ ಕನ್ನಡದ ಕಡಲಿನಲ್ಲಿ ಹಾಯಿದೋಣಿಯ ಕಾಲದವರು ನಸುಕಿನಲ್ಲಿ ನೆಲದ ಕಡೆಯಿಂದ ಬೀಸುವ ಗಾಳಿಗೆ ಹಾಯಿ ಕಟ್ಟಿ ಹೊರಟು, ಮಧ್ಯಾಹ್ನ ಕಡಲಗಾಳಿ ತಿರುಗಿದ ಮೇಲೆ ಅದರ ಬೆನ್ನೇರಿ ಮನೆಗೆ ಬರುತ್ತಿದ್ದರು. ಹೋಗುವುದಕ್ಕೊಂದು, ಬರುವುದಕ್ಕೊಂದು ಗಾಳಿ ದಿನವೂ ಸಿಗುತ್ತಿತ್ತು. ಇಲ್ಲಿ ಆ ಸೌಕರ್ಯ ಇಲ್ಲ. ಸಾಲೊಮನ್‌ನಿಂದ ವನುವಾಟುವಿಗೆ, ವನುವಾಟುವಿನಿಂದ ಫಿಜಿಗೆ ಬರಬೇಕಾದರೆ ಮೂಗಿಗೆ ನೇರವಾಗಿ ಗಾಳಿ.

ಇದನ್ನೇ ಹಿಡಿದು ಒಂದು ಕಾಲದಲ್ಲಿ ವಿದ್ವಾಂಸರು, ಇವರು ಬೇಕೆಂದು ಬಂದವರಲ್ಲ ಎಂದರು. ನಾರ್ವೆಯ ಥಾರ್ ಹೆಯರ್‌ಡಾಲ್ ಗಾಳಿ ಬೀಸುವ ದಿಕ್ಕನ್ನೇ ನಂಬಿ, ಪಾಲಿನೇಶಿಯಾದ ಜನ ದಕ್ಷಿಣ ಅಮೆರಿಕದಿಂದ ತೇಲಿಬಂದವರು ಎಂದು ವಾದಿಸಿ, 1947ರಲ್ಲಿ ಪೆರುವಿನಿಂದ ಬಾಲ್ಸಾ ಮರದ ತೆಪ್ಪ ಕಟ್ಟಿಕೊಂಡು 101 ದಿನ ತೇಲಿದ. ಸಾಹಸ ದೊಡ್ಡದು. ತೆಪ್ಪ ತೇಲುತ್ತದೆ ಎಂಬುದು ಸಾಬೀತಾಯಿತು, ಜನ ಹಾಗೆ ಬಂದರು ಎಂಬುದು ಆಗಲಿಲ್ಲ. ನ್ಯೂಜಿಲೆಂಡಿನ ಆಂಡ್ರೂ ಶಾರ್ಪ್ 1956ರಲ್ಲಿ ಇನ್ನೊಂದು ವಾದ ಹೂಡಿದ: ಬಂದದ್ದು ಪಶ್ಚಿಮದಿಂದಲೇ ಸರಿ, ಆದರೆ ದೂರದ ಪಯಣಗಳೆಲ್ಲ ಬಿರುಗಾಳಿಗೆ ಸಿಕ್ಕು ದಾರಿ ತಪ್ಪಿದವು, ವಾಪಸು ಹೋಗುವ ವಿದ್ಯೆ ಅವರಿಗಿರಲಿಲ್ಲ. 1973ರಲ್ಲಿ ಮೂವರು ಸಂಶೋಧಕರು ಕಂಪ್ಯೂಟರಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಕಾಲ್ಪನಿಕ ದೋಣಿಗಳನ್ನು ಗಾಳಿ ಮತ್ತು ಹರಿವಿಗೆ ಬಿಟ್ಟು ನೋಡಿದರು. ಬರಿದೇ ತೇಲಿಕೊಂಡು ಹವಾಯಿ, ನ್ಯೂಜಿಲೆಂಡ್, ಈಸ್ಟರ್ ದ್ವೀಪ ಸೇರುವುದು ಆಗದ ಮಾತು ಎಂದು ಉತ್ತರ ಬಂತು. ಮೂರು ವರ್ಷದ ಮೇಲೆ, ಮೈಕ್ರೊನೇಶಿಯಾದ ಸಟವಾಲ್ ಎಂಬ ಪುಟ್ಟ ದ್ವೀಪದ ಮಾವು ಪಿಯಾಯ್ಲುಗ್, ದಿಕ್ಸೂಚಿಯನ್ನಾಗಲಿ ನಕ್ಷೆಯನ್ನಾಗಲಿ ಮುಟ್ಟದೆ, ನಕ್ಷತ್ರ ಮತ್ತು ಉಬ್ಬಲೆಗಳ ಗುರುತಿನ ಮೇಲೆಯೇ ಹೊಕುಲೆಯಾ ಎಂಬ ಜೋಡಿದೋಣಿಯನ್ನು ಹವಾಯಿಯಿಂದ ಟಹೀಟಿಗೆ ಮುಟ್ಟಿಸಿದರು.

ನನಗೆ ಇವೆಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ಆಕ್ಲೆಂಡಿನ ಜೆಫ್ರಿ ಅರ್ವಿನ್ 1992ರಲ್ಲಿ ಪುಸ್ತಕವೊಂದರಲ್ಲಿ ಮಂಡಿಸಿದ ವಿಚಾರ. ಎದುರುಗಾಳಿಯನ್ನು ಎಲ್ಲರೂ ಅಡ್ಡಿ ಎಂದು ಎಣಿಸಿದ್ದರು. ಅವನು ಅದನ್ನೇ ರಕ್ಷೆ ಎಂದ. ಗೊತ್ತಿಲ್ಲದ ಕಡಲಿಗೆ ಗಾಳಿಯ ಬೆನ್ನೇರಿ ಹೊರಟವನು ಬೇಗ ದೂರ ಹೋಗುತ್ತಾನೆ, ಆದರೆ ನೆಲ ಸಿಗದಿದ್ದರೆ ವಾಪಸಿಗೆ ಅಷ್ಟೇ ಗಾಳಿಯನ್ನು ಎದುರಿಸಬೇಕು, ಅಷ್ಟರಲ್ಲಿ ನೀರು, ಆಹಾರ ಮುಗಿದಿರುತ್ತದೆ. ಗಾಳಿಗೆದುರಾಗಿ ಹೊರಟವನು ಕಷ್ಟಪಟ್ಟು ನಿಧಾನ ಹೋಗುತ್ತಾನೆ, ಏನೂ ಸಿಗದಿದ್ದರೆ ಹಾಯಿ ತಿರುಗಿಸಿದರೆ ಸಾಕು, ಗಾಳಿಯೇ ಮನೆಗೆ ತಂದು ಬಿಡುತ್ತದೆ. ಅಲ್ಲದೆ ದಕ್ಷಿಣ ಗೋಳಾರ್ಧದ ಬೇಸಿಗೆಯ ತಿಂಗಳುಗಳಲ್ಲಿ ಆಗಾಗ ವಾಣಿಜ್ಯ ಮಾರುತ ಸೋತು ಕೆಲವು ದಿನ ಪಶ್ಚಿಮದ ಗಾಳಿ ಏಳುವುದುಂಟು. ಅದನ್ನು ಹಿಡಿದು ಮೂಡಣಕ್ಕೆ ಹೋಗಬಹುದು. ಟಹೀಟಿ ಕಡೆಯ ಟುಪಾಯಾ ಎಂಬ ನಾವಿಕ-ಪುರೋಹಿತ 1769ರಲ್ಲಿ ಕ್ಯಾಪ್ಟನ್ ಕುಕ್‌ಗೆ ಇದನ್ನೇ ವಿವರಿಸಿದ್ದ: ನವೆಂಬರಿನಿಂದ ಜನವರಿಯವರೆಗೆ ಮಳೆಯ ಜೊತೆ ಪಶ್ಚಿಮದ ಗಾಳಿ ಬರುತ್ತದೆ, ನಮ್ಮವರು ಆಗ ಹೊರಡುತ್ತಾರೆ ಎಂದು.

ನಾನು ಇದನ್ನು ಉತ್ಸಾಹದಿಂದ ಹೇಳುತ್ತಿದ್ದಾಗ ಅಣ್ಣನ ಮಗಳು ಒಂದೇ ಮಾತು ಕೇಳಿದಳು. "ಹೋದವರು ವಾಪಸ್ ಬಂದು ಹೇಳಿದ್ರು ಅನ್ನೋದಕ್ಕೆ ಏನಾದ್ರೂ ಸಿಕ್ಕಿದ್ಯಾ? ಅಥವಾ ಬರೀ ಲೆಕ್ಕಾಚಾರನಾ?"

ಸಿಕ್ಕಿದೆ. ನ್ಯೂ ಬ್ರಿಟನ್ ದ್ವೀಪದ ತಲಾಸಿಯಾ ಎಂಬಲ್ಲಿ ಜ್ವಾಲಾಮುಖಿಯಿಂದ ಹುಟ್ಟಿದ ಕಪ್ಪು ಗಾಜುಕಲ್ಲು ಸಿಗುತ್ತದೆ. ಒಡೆದರೆ ಬ್ಲೇಡಿನಂಥ ಅಂಚು. ಪ್ರತಿ ಜ್ವಾಲಾಮುಖಿಯ ಗಾಜಿಗೂ ಅದರದೇ ರಾಸಾಯನಿಕ ಮೈಕಟ್ಟು ಇರುವುದರಿಂದ ಒಂದು ಚೂರು ಎಲ್ಲಿಂದ ಬಂತೆಂದು ಖಚಿತವಾಗಿ ಹೇಳಬಹುದು. ತಲಾಸಿಯಾದ ಕಲ್ಲು ಎರಡು ಸಾವಿರ ಕಿಲೋಮೀಟರಿಗೂ ದೂರದ ಟೆಯೊಮಾದಲ್ಲಿ ಸಿಕ್ಕಿದೆ, ಫಿಜಿಯಲ್ಲೂ ಸಿಕ್ಕಿದೆ, ಪಶ್ಚಿಮಕ್ಕೆ ಬೋರ್ನಿಯೋದಲ್ಲೂ ಸಿಕ್ಕಿದೆ. ಒಂದು ತಲೆಮಾರು ಹೋಗಿ ಅಲ್ಲೇ ಮುಗಿದುಹೋಗಿದ್ದರೆ ಮಡಕೆಯ ಮುಖಗಳು ಇಷ್ಟು ದೂರದವರೆಗೆ ಒಂದೇ ಬಗೆಯಲ್ಲಿ ಬದಲಾಗುತ್ತಾ ಹೋಗುತ್ತಿರಲಿಲ್ಲ. ಪಯಣಿಗರ ಧೈರ್ಯದ ಬಗ್ಗೆ ಬರೆದವರು ಬೇಕಾದಷ್ಟಿದ್ದಾರೆ. ಅವರ ಎಚ್ಚರದ ಬಗ್ಗೆ ಬರೆದವರು ಕಡಿಮೆ. ಎಚ್ಚರವೇ ಹೆಚ್ಚಿನದು ಎಂದು ನನಗೆ ತೋರುತ್ತದೆ.

ಲೆಲೆಪಾ ದ್ವೀಪಕ್ಕೆ ಹೋಗಲು ಎಫಾಟೆಯ ವಾಯವ್ಯ ದಂಡೆಯಿಂದ ಸಣ್ಣ ಮೋಟಾರು ದೋಣಿ. ದೋಣಿ ನಡೆಸಿದವನೇ ಮಾರ್ಗದರ್ಶಿ, ಲೆಲೆಪಾದವನೇ, ನಲವತ್ತರ ಹತ್ತಿರದ ಗಟ್ಟಿ ಆಳು. ಬಿಸ್ಲಾಮಾದಲ್ಲಿ ಮಾತು, ಇಂಗ್ಲಿಷಿನ ಪದಗಳನ್ನು ಬೇರೆಯದೇ ವ್ಯಾಕರಣದಲ್ಲಿ ಕುಣಿಸುವ ಆ ಭಾಷೆ ಸ್ವಲ್ಪ ಹೊತ್ತಿನಲ್ಲೇ ಅರ್ಧಂಬರ್ಧ ಅರ್ಥವಾಗತೊಡಗುತ್ತದೆ. ಹಿರಿಯರಿಗೆ ಸಲ್ಲುವ ಗೌರವದಿಂದ ನನ್ನನ್ನು "ಓಲ್ಫಾಲಾ" ಎಂದು ಕರೆದ. ಮುದುಕ ಎಂದೇ ಅರ್ಥ. ಅಣ್ಣನ ಮಗಳಿಗೆ ಬಹಳ ಖುಷಿಯಾಯಿತು. ದಂಡೆ ಬಿಟ್ಟ ಮೇಲೆ ಅಲೆ ಎತ್ತಿ ಎತ್ತಿ ಹಾಕಿದಾಗ ಅವಳ ಖುಷಿ ಇಳಿಯಿತು. ದೋಣಿಯ ಕಟ್ಟು ಹಿಡಿದು, ಕಣ್ಣು ಮುಚ್ಚಿ, ಯಾವ ಪುಣ್ಯಾತ್ಮರು ಇದರಲ್ಲಿ ವಾರಗಟ್ಟಲೆ ಕುಳಿತಿದ್ದರು ಎಂದು ಗೊಣಗುತ್ತಿದ್ದಳು. ಹಂದಿ, ಕೋಳಿ, ಸಸಿ, ಮಕ್ಕಳನ್ನೂ ಕಟ್ಟಿಕೊಂಡು ಕುಳಿತಿದ್ದರು ಎಂದು ನೆನಪಿಸಿದೆ. ಉತ್ತರ ಬರಲಿಲ್ಲ.

ನಾವು ಹೊರಟದ್ದು ರಾಯ್ ಮಾಟಾ ಎಂಬ ನಾಯಕನ ಜಾಗಗಳನ್ನು ನೋಡಲು. ಅವನು ಬಾಳಿದ್ದು ಸುಮಾರು 1600ರ ಹೊತ್ತಿಗೆ. ಲಪಿಟಾ ಕಾಲಕ್ಕೆ ಹೋಲಿಸಿದರೆ ನಿನ್ನೆ ಮೊನ್ನೆಯವನು. ಎಫಾಟೆಯ ಊರುಗಳು ಬಡಿದಾಡುತ್ತಿದ್ದಾಗ ಅವನು ಎಲ್ಲರನ್ನೂ ಔತಣಕ್ಕೆ ಕರೆದನಂತೆ. ಒಬ್ಬೊಬ್ಬರೂ ತಮಗೆ ಬೇಕಾದದ್ದೊಂದು ತರಬೇಕು. ಕೆಸು ತಂದವರೆಲ್ಲ ಒಂದು ಬಳಿ, ಎಂದರೆ ಒಂದು ಕುಲ, ತೆಂಗು ತಂದವರು ಒಂದು ಬಳಿ, ಅಷ್ಟಪದಿ ತಂದವರು ಇನ್ನೊಂದು. ತಾಯಿಯ ಕಡೆಯಿಂದ ಹರಿದುಬರುವ ಆ ಬಳಿಗಳು ಇವತ್ತಿಗೂ ಇವೆ. ಬೇರೆ ಊರಿನಲ್ಲೂ ತನ್ನ ಬಳಿಯವನೊಬ್ಬ ಇರುತ್ತಾನಾದ್ದರಿಂದ ಅವನ ಮೇಲೆ ಕೈ ಎತ್ತುವಂತಿಲ್ಲ. ಹಾಗೆ ಜಗಳ ನಿಂತಿತು ಎಂದು ಕತೆ. ನಮ್ಮ ಮಾರ್ಗದರ್ಶಿ ತನ್ನ ಬಳಿ ಯಾವುದು ಎಂದು ಹೇಳಿ, "ನಿಮ್ಮದು?" ಎಂದು ಕೇಳಿದ. ತುಳುನಾಡಿನವನಾಗಿದ್ದರೆ ಥಟ್ಟನೆ ಹೇಳಿಬಿಡುತ್ತಿದ್ದೆ.

ಕೊನೆಗೆ ತಮ್ಮನೇ ವಿಷದ ಬಾಣ ಹೊಡೆದು ರಾಯ್ ಮಾಟಾನನ್ನು ಕೊಂದ. ಅವನು ಪ್ರಾಣ ಬಿಟ್ಟದ್ದು ಲೆಲೆಪಾದ ಫೆಲ್ಸ್ ಗುಹೆಯಲ್ಲಿ. ಒಳಗೆ ಹೋದರೆ ತಂಪು, ಬಾವಲಿಯ ವಾಸನೆ, ಗೋಡೆಯ ಮೇಲೆ ಕಪ್ಪು ಗೆರೆಯ ಚಿತ್ರಗಳು. ಹೆಣವನ್ನು ಎದುರಿನ ಎರೆಟೊಕ್ ದ್ವೀಪಕ್ಕೆ ಒಯ್ದು ಹೂಳಿದರು, ಅವನೊಡನೆ ಅನೇಕರು ಜೀವಂತ ಹೋದರು ಎಂದು ಹಿರಿಯರು ಹೇಳುತ್ತಿದ್ದರು. ಅಂದಿನಿಂದ ಎರೆಟೊಕ್‌ನಲ್ಲಿ ಯಾರೂ ನೆಲೆಸುವಂತಿಲ್ಲ. 1967ರಲ್ಲಿ ಫ್ರಾನ್ಸಿನ ಜೋಸೆ ಗರಾಂಜೆ ಆ ಹಿರಿಯರ ಮಾತನ್ನೇ ಹಿಡಿದು, ಅವರು ತೋರಿಸಿದ ಜಾಗದಲ್ಲೇ ಅಗೆದ. ನಡುವೆ ಒಬ್ಬ, ಸುತ್ತ ಸುಮಾರು ಐವತ್ತು ಜನ. ಕೆಲವರು ಜೋಡಿ ಜೋಡಿಯಾಗಿ, ಗಂಡಿನ ತೋಳನ್ನು ಹೆಣ್ಣು ಹಿಡಿದುಕೊಂಡಂತೆ. ಗಂಡಸರು ನೆಮ್ಮದಿಯಾಗಿ ಮಲಗಿದಂತಿದ್ದರು, ಹೆಂಗಸರ ಭಂಗಿ ಹಾಗಿರಲಿಲ್ಲ. ಗಂಡಸರಿಗೆ ಕಾವಾ ಎಂಬ ಮಂಪರು ತರಿಸುವ ಪೇಯ ಕುಡಿಸಿದ್ದಿರಬೇಕು ಎಂದು ಅಗೆದವರು ಊಹಿಸಿದರು. 2008ರಲ್ಲಿ ಈ ಮೂರು ಜಾಗಗಳು, ಅವನ ಊರು, ಗುಹೆ, ಸಮಾಧಿ, ವಿಶ್ವ ಪರಂಪರೆಯ ಪಟ್ಟಿ ಸೇರಿದವು.

ನಾನೂರು ವರ್ಷದ ಬಾಯಿಮಾತು ಇಂಚು ತಪ್ಪದೆ ನಿಜವಾದದ್ದನ್ನು ಪುರಾತತ್ತ್ವದವರು ಈಗಲೂ ಸಂಭ್ರಮದಿಂದ ಹೇಳಿಕೊಳ್ಳುತ್ತಾರೆ. ಗುಹೆಯ ಬಾಯಿಯಲ್ಲಿ ಕುಳಿತು ಬುತ್ತಿ ಬಿಚ್ಚುತ್ತಿದ್ದ ಮಾರ್ಗದರ್ಶಿಗೆ ಅದರಲ್ಲಿ ಸಂಭ್ರಮದ್ದೇನೂ ಕಾಣಲಿಲ್ಲ. "ನಮಗೆ ಗೊತ್ತಿತ್ತು, ಅವರು ಬಂದು ನೋಡಿದರು" ಎಂದ, ಅಷ್ಟೆ.

ಬುತ್ತಿಯಲ್ಲಿದ್ದದ್ದು ಲಾಪ್‌ಲಾಪ್. ಕೆಸುವಿನ ಗಡ್ಡೆ ತುರಿದು, ತೆಂಗಿನ ಹಾಲು ಹುಯ್ದು, ಅಗಲದ ಎಲೆಯಲ್ಲಿ ಸುತ್ತಿ, ಕಾಯಿಸಿದ ಕಲ್ಲುಗಳ ನಡುವೆ ಹುಗಿದು ಬೇಯಿಸಿದ್ದು. ಎಲೆ ಬಿಚ್ಚಿದಾಗ ಹೊಗೆ, ತೆಂಗಿನ ಎಣ್ಣೆ ಮತ್ತು ಬೆಂದ ಎಲೆಯ ಪರಿಮಳ ಒಟ್ಟಿಗೆ ಬಂತು. ಬೂದು ಬಣ್ಣದ, ಮೆತ್ತಗಿನ, ಬೆರಳಿಗೆ ಅಂಟುವ ದಪ್ಪ ಹಲ್ಲೆ. ಉಪ್ಪು ಕಡಿಮೆ, ಖಾರ ಇಲ್ಲವೇ ಇಲ್ಲ. ದೋಣಿಯಿಂದಿಳಿದು ಸುಧಾರಿಸಿಕೊಂಡಿದ್ದ ಅಣ್ಣನ ಮಗಳು ಎರಡು ಸಲ ಹಾಕಿಸಿಕೊಂಡಳು, ಒಂದು ಉಪ್ಪಿನಕಾಯಿ ಇದ್ದಿದ್ದರೆ ಎಂದಳು. ಈ ಕೆಸು ನಮ್ಮ ಹಿತ್ತಿಲ ಕೆಸುವೇ, ಜಾತಿಯೂ ಒಂದೇ. ಬಾಳೆ, ಕೆಸು, ದೊಡ್ಡ ಗೆಣಸು, ಜೀಗುಜ್ಜೆ, ಇವು ಯಾವುವೂ ಈ ದೂರದ ದ್ವೀಪಗಳಿಗೆ ತಾವಾಗಿ ಬಂದವಲ್ಲ. ಬೀಜವಿಲ್ಲದ ಜೀಗುಜ್ಜೆಯಂತೂ ಬೇರಿನಿಂದ ಎದ್ದ ಸಸಿಯನ್ನು ಮನುಷ್ಯ ಕೈಯಾರೆ ಎತ್ತಿ ನೆಟ್ಟರೆ ಮಾತ್ರ ಮುಂದಿನ ಊರಿಗೆ ಹೋಗುವ ಮರ. ಉಪ್ಪುನೀರು ತಾಗದಂತೆ ಒದ್ದೆ ಎಲೆಯಲ್ಲೋ ನಾರಿನಲ್ಲೋ ಸುತ್ತಿ, ತಾವು ಕುಡಿಯುವ ನೀರಿನಲ್ಲಿ ಅದಕ್ಕೂ ಪಾಲು ಕೊಟ್ಟು ತಂದಿರಬೇಕು. ಯಾರೂ ಹಾಕಿಕೊಳ್ಳದೆ ಬಂದ ಪ್ರಯಾಣಿಕನೂ ಒಬ್ಬನಿದ್ದ: ಇಲಿ. ಪೆಸಿಫಿಕ್ ಇಲಿಯ ಮೂಳೆ ಎಲ್ಲಿ ಸಿಕ್ಕಿತೋ ಅಲ್ಲಿಗೆ ದೋಣಿ ಬಂದಿತ್ತು ಎಂದೇ ಲೆಕ್ಕ.

ಆದರೆ ಬೆಳೆ ಕೈಗೆ ಬರುವವರೆಗೆ ಹೊಟ್ಟೆಗೆ ಏನು? ಅಲ್ಲಿ ಕತೆ ಸ್ವಲ್ಪ ಕಹಿಯಾಗುತ್ತದೆ. ಎಫಾಟೆಯಲ್ಲಿ ಮನುಷ್ಯ ಬರುವ ಮೊದಲು ನೆಲದ ಮೇಲೆ ಬದುಕುವ ಕೊಂಬಿನ ಆಮೆ ಇತ್ತು, ಹೆಸರು ಮೆಯೊಲಾನಿಯಾ. ಮನುಷ್ಯನ ಭಯವೇ ಗೊತ್ತಿಲ್ಲದ ದೊಡ್ಡ ಪ್ರಾಣಿ. ಟೆಯೊಮಾದ ತಿಪ್ಪೆಯಲ್ಲಿ ಸಿಕ್ಕ ಅದರ ಮೂಳೆಗಳು ಹೆಚ್ಚಾಗಿ ಕಾಲಿನವು, ಎಂದರೆ ಕೊಂದು ಕೊಯ್ದದ್ದು ಬೇರೆಡೆ, ಊರಿಗೆ ತಂದದ್ದು ಮಾಂಸದ ಭಾಗ. ಮೂರು ಶತಮಾನದೊಳಗೆ ಆ ಆಮೆ ಇಲ್ಲವಾಯಿತು. ಮೆಕೊಸೂಕಸ್ ಎಂಬ ಸಣ್ಣ ಮೊಸಳೆಯೂ ಇಲ್ಲವಾಯಿತು. ಅದರ ಮೂಳೆ ಸಿಕ್ಕಿದ್ದು ನಾವು ದೋಣಿ ಹತ್ತಿದ ದಂಡೆಯ ಆಸುಪಾಸಿನಲ್ಲೇ. ಹಕ್ಕಿಗಳ ಪಟ್ಟಿ ಇನ್ನೂ ಉದ್ದ. ಪ್ರಕೃತಿಯೊಡನೆ ಸಾಮರಸ್ಯದಿಂದ ಬಾಳಿದ ಆದಿಜನ ಎಂದು ಬರೆಯಲು ಪೆನ್ನು ಎತ್ತುವವರು ಈ ತಿಪ್ಪೆಯನ್ನು ಒಮ್ಮೆ ನೋಡಬೇಕು. ಹಾಗೆಂದು ಅವರನ್ನು ದೂರುವ ಮನಸ್ಸೂ ಆಗುವುದಿಲ್ಲ. ಸಸಿಗೆ ನೀರು ಉಳಿಸಿಕೊಂಡು ಬಂದವರ ಎದುರಿಗೆ ನೂರಾರು ಕಿಲೋ ಮಾಂಸ ತಾನಾಗಿ ನಡೆದುಬಂದು ನಿಂತಿತ್ತು.

ಟೆಯೊಮಾದ ಮೂಳೆಗಳಿಂದ ಇನ್ನೊಂದು ಸುದ್ದಿ ಬಂದದ್ದು 2016ರಲ್ಲಿ. ಬಿಸಿ, ತೇವದ ನಾಡಿನಲ್ಲಿ ಹಳೆಯ ಡಿಎನ್‌ಎ ಉಳಿಯುವುದು ಕಷ್ಟ. ಉಳಿದರೆ ತಲೆಬುರುಡೆಯಲ್ಲಿ ಒಳಗಿವಿಯನ್ನು ಸುತ್ತಿಕೊಂಡ ಗಟ್ಟಿ ಮೂಳೆಯಲ್ಲಿ ಉಳಿಯುತ್ತದೆ. ತಲೆಗಳನ್ನೇ ಎತ್ತಿ ಒಯ್ದ ಸ್ಮಶಾನದಲ್ಲಿ ಕಿವಿಯ ಮೂಳೆ ಹುಡುಕಬೇಕಾದ ಪಾಡು ನೋಡಿ. ಹೇಗೋ ಟೆಯೊಮಾದ ಮೂವರಿಂದ, ಟೋಂಗಾದ ಒಬ್ಬರಿಂದ ಸಿಕ್ಕಿತು. ಅವರ ಹತ್ತಿರದ ನಂಟರು ತೈವಾನಿನ ಮೂಲನಿವಾಸಿಗಳು ಮತ್ತು ಉತ್ತರ ಫಿಲಿಪೀನ್ಸಿನ ಕಂಕಾನಾಯ್ ಜನ. ನ್ಯೂಗಿನಿ ಕಡೆಯ ಪಾಪುವಾ ಜನರ ರಕ್ತ ಅವರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಇವತ್ತಿನ ವನುವಾಟುವಿನವರಲ್ಲಿ ಹೆಚ್ಚಿನ ಪಾಲು ಆ ಪಾಪುವಾ ರಕ್ತವೇ. ಎಂದರೆ ಸುಮಾರು 2,500 ವರ್ಷಗಳ ಹಿಂದೆ ಎರಡನೆಯ ಅಲೆಯಂತೆ ಬಿಸ್ಮಾರ್ಕ್ ಕಡೆಯಿಂದ ಇನ್ನೊಂದು ಜನ ಬಂದು, ಬರುತ್ತಲೇ ಇದ್ದು, ಮೊದಲಿನವರೊಡನೆ ಬೆರೆತು, ಸಂಖ್ಯೆಯಲ್ಲಿ ಮೀರಿದರು. ವಿಚಿತ್ರವೆಂದರೆ ಭಾಷೆ ಮಾತ್ರ ಮೊದಲು ಬಂದವರದ್ದೇ ಉಳಿಯಿತು. ಸಾಮಾನ್ಯವಾಗಿ ಜನ ಬದಲಾದರೆ ಮಾತೂ ಬದಲಾಗುತ್ತದೆ. ಇಲ್ಲಿ ಬಂದವರು ಇದ್ದವರ ಮಾತು ಕಲಿತರು. ಒಂದೇ ದೊಡ್ಡ ದಂಡು ಬರದೆ, ಒಂದೊಂದೇ ದೋಣಿಯಲ್ಲಿ, ಮದುವೆ, ವ್ಯಾಪಾರ, ನಂಟಸ್ತಿಕೆ ಎಂದು ಬಂದಿದ್ದರೆ ಹೀಗಾಗಬಹುದು ಎಂದು ವಿವರಣೆ. ಈ ದಾರಿ ಎರಡೂ ಕಡೆಗೆ ತೆರೆದೇ ಇತ್ತು ಎನ್ನುವುದಕ್ಕೆ ಇದಕ್ಕಿಂತ ಬಲವಾದ ಸಾಕ್ಷಿ ಬೇಕಿಲ್ಲ.

ಫಿಜಿಗೆ ಹೊರಟ ವಿಮಾನದಲ್ಲಿ ಆ 850 ಕಿಲೋಮೀಟರ್ ಚಹಾ ಕುಡಿದು ಕಣ್ಣುಜ್ಜುವುದರೊಳಗೆ ಮುಗಿಯುತ್ತದೆ. ಕೆಳಗೆ ಒಂದು ಚುಕ್ಕೆ ನೆಲವೂ ಕಾಣಲಿಲ್ಲ. ನಾಂದಿಯಿಂದ ಸುವಾಕ್ಕೆ ಬಸ್ಸು. ಚಾಲಕನ ಫಿಜಿ ಹಿಂದಿ, ದಾರಿಯುದ್ದಕ್ಕೂ ಕಬ್ಬು. ಸಿಗಟೋಕಾ ಎಂಬಲ್ಲಿ ಮರಳುಗುಡ್ಡಗಳು ಕಡಲಿಗೆ ಇಳಿದಿವೆ. ಗಾಳಿ ಮರಳನ್ನು ಸರಿಸಿದಾಗಲೆಲ್ಲ ಲಪಿಟಾ ಕಾಲದ ಕೊನೆಯ ಮಡಕೆಗಳ ಚೂರು ಹೊರಬೀಳುವ ಜಾಗ. ಇಳಿಯಲು ಹೊತ್ತಿರಲಿಲ್ಲ.

ಟೋಂಗಾ, ಸಮೋವಾದಲ್ಲಿ ಲಪಿಟಾ ಜನರ ಈ ಓಟ ನಿಂತುಬಿಟ್ಟಿತು. ಒಂದೆರಡು ತಲೆಮಾರಲ್ಲ, ಸಾವಿರದ ಏಳುನೂರು ವರ್ಷಕ್ಕೂ ಹೆಚ್ಚು. ಮಡಕೆಯ ಮೇಲಿನ ಮುಖಗಳು ಮಾಸಿದವು, ಹಲ್ಲಚ್ಚು ಹೋಯಿತು, ಕೊನೆಗೆ ಪಾಲಿನೇಶಿಯಾದಲ್ಲಿ ಮಡಕೆ ಮಾಡುವುದೇ ನಿಂತಿತು. ಆಮೇಲೆ, ಸುಮಾರು ಸಾವಿರ ವರ್ಷಗಳ ಹಿಂದೆ, ಒಮ್ಮೆಗೇ ಮತ್ತೆ ಹೊರಟು ಕೆಲವೇ ಶತಮಾನಗಳಲ್ಲಿ ಟಹೀಟಿ, ಹವಾಯಿ, ಈಸ್ಟರ್ ದ್ವೀಪ, ಕೊನೆಗೆ 1250ರ ನಂತರ ನ್ಯೂಜಿಲೆಂಡ್ ಸೇರಿದರು. ದಕ್ಷಿಣ ಅಮೆರಿಕವನ್ನೂ ಮುಟ್ಟಿ ಸಿಹಿಗೆಣಸು ತಂದರು. ಕುಕ್ ದ್ವೀಪಗಳ ಮಂಗಾಯಾದಲ್ಲಿ ಬಂಡೆಯಡಿ ಸಿಕ್ಕ ಸುಟ್ಟ ಗೆಣಸಿನ ಚೂರು ಯುರೋಪಿನ ಹಡಗುಗಳು ಬರುವುದಕ್ಕಿಂತ ಎಷ್ಟೋ ಹಿಂದಿನದು. ನಡುವೆ ಯಾಕೆ ನಿಂತರು? ಸಮೋವಾದ ಆಚೆ ಕಡಲಿನ ಅಂತರ ದೊಡ್ಡದು ಎನ್ನುತ್ತಾರೆ. ಪಶ್ಚಿಮದ ಗಾಳಿ ಆ ಶತಮಾನಗಳಲ್ಲಿ ಕಡಿಮೆಯಿತ್ತು ಎನ್ನುವವರಿದ್ದಾರೆ. ಕಡಲ ಮಟ್ಟ ಇಳಿದ ಮೇಲಷ್ಟೇ ಮಧ್ಯದ ಹವಳದ್ವೀಪಗಳು ತಲೆಯೆತ್ತಿ ತಂಗುದಾಣವಾದವು ಎನ್ನುವವರೂ ಇದ್ದಾರೆ. ಜೋಡಿದೋಣಿ ಹುಟ್ಟುವವರೆಗೆ ಕಾಯಬೇಕಾಯಿತು ಎಂಬುದು ಇನ್ನೊಂದು ವಾದ. ನನ್ನ ಒಲವು ಗಾಳಿ ಮತ್ತು ದೋಣಿಯ ಕಡೆಗೆ. ಆದರೂ, ನೀರು, ಕೆಸುಗದ್ದೆ, ಮೀನು, ನಂಟರು ಎಲ್ಲ ಇದ್ದ ಊರು ಬಿಟ್ಟು ಯಾಕೆ ಹೋಗಬೇಕಿತ್ತು ಎಂಬ ಪ್ರಶ್ನೆಯೂ ಇದೆಯಲ್ಲ.

ಲಪಿಟಾ ಜನರ ದೋಣಿ ಒಂದೂ ಸಿಕ್ಕಿಲ್ಲ. ಮರ ಕೊಳೆತುಹೋಗುತ್ತದೆ. ನ್ಯೂಜಿಲೆಂಡಿನ ಅನವೆಕಾದಲ್ಲಿ ಸಿಕ್ಕ, ಆಮೆಯ ಕೆತ್ತನೆಯಿರುವ ಹಲಗೆಗೆ ಆರುನೂರು ವರ್ಷವಷ್ಟೆ. ಹಾಗಾಗಿ ದೋಣಿ ನೋಡಬೇಕೆಂದರೆ ಸುವಾದ ವಸ್ತುಸಂಗ್ರಹಾಲಯದಲ್ಲಿ ನಿಂತಿರುವ ರಾತು ಫಿನಾವು ಎಂಬ ದ್ರುವಾವನ್ನೇ, ಎಂದರೆ ಫಿಜಿಯ ಜೋಡಿದೋಣಿಯನ್ನೇ ನೋಡಬೇಕು. 1913ರದು, 13 ಮೀಟರಿಗೂ ಉದ್ದ. ಅದರ ಹತ್ತಿರವೇ ಬೌಂಟಿ ಹಡಗಿನ ಚುಕ್ಕಾಣಿ ಇದೆ. 1789ರಲ್ಲಿ ಟಹೀಟಿಯಿಂದ ಜೀಗುಜ್ಜೆ ಸಸಿಗಳನ್ನು ತುಂಬಿಕೊಂಡು ವೆಸ್ಟ್ ಇಂಡೀಸಿಗೆ ಹೊರಟ ಆ ಹಡಗಿನಲ್ಲಿ ನಾವಿಕರು ದಂಗೆಯೆದ್ದು ಸಸಿಗಳನ್ನೆಲ್ಲ ನೀರಿಗೆ ಎಸೆದರು. ಒಂದು ಕಾಲದಲ್ಲಿ ಇದೇ ಸಸಿಗಳನ್ನು ಮಕ್ಕಳಂತೆ ಕಾಪಾಡಿ ತಂದವರ ಕಡಲಿನಲ್ಲಿ.

ದ್ರುವಾಕ್ಕೆ ಎರಡು ಒಡಲು, ಒಂದು ದೊಡ್ಡದು, ಒಂದು ಚಿಕ್ಕದು, ನಡುವೆ ಅಟ್ಟ. ಚಿಕ್ಕ ಒಡಲು ಯಾವಾಗಲೂ ಗಾಳಿ ಬರುವ ಕಡೆಗೇ ಇರಬೇಕು. ಕಾರವಾರದ ಕಡೆ ಸಣ್ಣ ದೋಣಿಗಳಿಗೆ ಒಂದು ಪಕ್ಕಕ್ಕೆ ಕಟ್ಟುವ ಮರದ ತುಂಡು ಮಾಡುವ ಕೆಲಸವನ್ನೇ ಇಲ್ಲಿ ಒಂದು ಇಡೀ ದೋಣಿ ಮಾಡುತ್ತದೆ. ಗಾಳಿಗೆದುರಾಗಿ ಅಂಕುಡೊಂಕಾಗಿ ಹೋಗುವಾಗ ನಮ್ಮ ಹಾಯಿದೋಣಿಯಂತೆ ಮೂತಿ ತಿರುಗಿಸಿದರೆ ಚಿಕ್ಕ ಒಡಲು ತಪ್ಪು ಕಡೆಗೆ ಬಂದುಬಿಡುತ್ತದೆ. ಅದಕ್ಕೆ ಅವರು ದೋಣಿಯನ್ನು ತಿರುಗಿಸುವುದೇ ಇಲ್ಲ. ಹಾಯಿಯ ಕೆಳಮೂಲೆಯನ್ನು ಈ ತುದಿಯಿಂದ ಬಿಚ್ಚಿ, ಎತ್ತಿಕೊಂಡು ಹೋಗಿ ಆ ತುದಿಗೆ ಕಟ್ಟುತ್ತಾರೆ. ಹಿಂದಿದ್ದದ್ದು ಮುಂದಾಗುತ್ತದೆ. ದೊಡ್ಡ ಚುಕ್ಕಾಣಿ ಹುಟ್ಟನ್ನೂ ಹೊತ್ತು ಓಡಬೇಕು. ಗಾಳಿ ಜೋರಿದ್ದಾಗ ಕೈ ಜಾರಿದರೆ ಹಾಯಿ ಮಗುಚಿಬೀಳುತ್ತದೆ. ಅಣ್ಣನ ಮಗಳು ಅಟ್ಟದ ಉದ್ದವನ್ನು ಹೆಜ್ಜೆಯಲ್ಲಿ ಅಳೆದು, ಅಲೆಯ ಮೇಲೆ ಇಷ್ಟು ದೂರ ಮರ ಹೊತ್ತು ಓಡಿದವರಿಗೆ ಸೊಂಟ ಉಳಿದದ್ದು ಹೇಗೆ ಎಂದು ತನ್ನ ವೃತ್ತಿಯ ಪ್ರಶ್ನೆ ಹಾಕಿದಳು.

ಇಂಥ ದೋಣಿ ಕಟ್ಟಲು ವೆಸಿ ಎಂಬ ಗಟ್ಟಿ ಮರ ಬೇಕು. ಟೋಂಗಾದಲ್ಲಿ ಅದು ಇಲ್ಲ, ಫಿಜಿಯ ಪೂರ್ವಕ್ಕಿರುವ ಲಾವು ದ್ವೀಪಗಳಲ್ಲಿದೆ. ಟೋಂಗಾದವರು ತಮ್ಮ ಹಳೆಯ ದೋಣಿಗಳಲ್ಲಿ ಗಾಳಿಯ ಬೆನ್ನೇರಿ ಸುಲಭವಾಗಿ ಲಾವು ತಲುಪಿ, ಅಲ್ಲಿ ವರ್ಷಗಟ್ಟಲೆ ಉಳಿದು ಮರ ಕಡಿದು ಹೊಸ ದೋಣಿ ಕಟ್ಟುತ್ತಿದ್ದರು. ಅಷ್ಟರಲ್ಲಿ ಅಲ್ಲಿಯವರ ಯುದ್ಧಗಳಲ್ಲಿ ಸೇರುತ್ತಿದ್ದರು, ಮದುವೆಯಾಗುತ್ತಿದ್ದರು. ಅರ್ವಿನ್ ಹೇಳಿದ ಲೆಕ್ಕ ಇಲ್ಲಿ ತಿರುವುಮುರುವು: ಹೋಗುವುದು ಸಲೀಸು, ಮನೆಗೆ ಮರಳುವಾಗ ಗಾಳಿ ಎದುರು. ಆ ಮರಳುವ ದಾರಿಗೆ ಬೇಕಾದ ದೋಣಿ ಮಾತ್ರ ಹೋದ ಊರಿನಲ್ಲೇ ಸಿದ್ಧವಾಗಬೇಕಿತ್ತು.